ಎಕ್ಸ್‌ಟ್ರಾ ಪೆಟ್ರೋಲ್ ಟ್ಯಾಂಕ್ ಹಾಕಿದ ಮೇಲೆ ಗಾಡಿ ತೊಂದರೆ ಕೊಡುತ್ತಿದೆಯಾ? ಇಲ್ಲಿಂದ ಹುಡುಕಿ

ಮನಾಲಿಯಿಂದ ಲೇಹ್‌ಗೆ ಹೋದವರಿಗೆ ಟಾಂಡಿ ಬಂಕ್‌ನ ಬೋರ್ಡ್ ಗೊತ್ತಿರುತ್ತದೆ: ಮುಂದಿನ ಬಂಕ್ 365 ಕಿಲೋಮೀಟರ್ ದೂರ. ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 411 ಬೈಕಿನ ಟ್ಯಾಂಕ್ 15 ಲೀಟರ್. ನಮ್ಮ ಬೆಂಗಳೂರು–ಪುಣೆ ಹೈವೇಯಲ್ಲಿ ಅದು ಧಾರಾಳವಾಯಿತು. ಆದರೆ ಲಗೇಜ್ ಹೇರಿಕೊಂಡು ಒಂದನೇ, ಎರಡನೇ ಗೇರಿನಲ್ಲೇ ಘಾಟಿ ಹತ್ತುವಾಗ ಮೈಲೇಜ್ ಇಳಿಯುತ್ತದೆ. ಮಧ್ಯೆ ಯಾವುದೋ ಕೆರೆ ನೋಡಲು ಪಕ್ಕದ ದಾರಿಗೆ ತಿರುಗಿದರೆ ಲೆಕ್ಕವೇ ತಪ್ಪುತ್ತದೆ. ಅದಕ್ಕೇ ಸುಮಾರು ಜನ ಹಿಂದಿನ ಕ್ಯಾರಿಯರ್ ಮೇಲೆ 5ರಿಂದ 10 ಲೀಟರಿನ ಎಕ್ಸ್‌ಟ್ರಾ ಟ್ಯಾಂಕ್ ಕೂರಿಸಿ, ಪೈಪ್ ಹಾಕಿ, ಮೇನ್ ಟ್ಯಾಂಕಿಗೆ ಸೇರಿಸುತ್ತಾರೆ.

ಕೂರಿಸುವುದು ಕಷ್ಟವಲ್ಲ. ಆಮೇಲೆ ಗಾಡಿ ಮಿಸ್ ಹೊಡೆದಾಗ ಏನಾಗಿದೆ ಅಂತ ಕಂಡುಹಿಡಿಯುವುದು ಕಷ್ಟ. ಗ್ಯಾರೇಜಿನಲ್ಲಿ ಮೊದಲು ಇಂಜೆಕ್ಟರ್, ಪ್ಲಗ್, ಫ್ಯುಯಲ್ ಪಂಪ್ ಅಂತ ದುಬಾರಿ ಸಾಮಾನಿನ ಕಡೆಗೇ ಕೈ ಹೋಗುತ್ತದೆ. ಆದರೆ ಇಂಥ ಟ್ಯಾಂಕುಗಳ ತೊಂದರೆ ಬಹುಪಾಲು ಪೆಟ್ರೋಲಿನದ್ದಲ್ಲ, ಗಾಳಿಯದ್ದು. ಟ್ಯಾಂಕಿನಿಂದ ಎಷ್ಟು ಪೆಟ್ರೋಲ್ ಹೊರಗೆ ಹೋಗುತ್ತದೋ ಅಷ್ಟೇ ಗಾಳಿ ಒಳಗೆ ಬರಬೇಕು. ಆ ದಾರಿ ಕಟ್ಟಿದರೆ ತುಂಬಿದ ಟ್ಯಾಂಕ್ ಇದ್ದರೂ ಗಾಡಿ ನಿಲ್ಲುತ್ತದೆ. ಮೊದಲು ಅದನ್ನು ನೋಡಿ. ಖರ್ಚು ಸೊನ್ನೆ.

ಕೈ ಹಾಕುವ ಮೊದಲು

ಪೆಟ್ರೋಲ್ ಮೈನಸ್ 40 ಡಿಗ್ರಿಯ ಹತ್ತಿರದಲ್ಲೂ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಶೇ 1.4ರಷ್ಟು ಆವಿ ಸೇರಿದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಈ ಆವಿ ಗಾಳಿಗಿಂತ ಭಾರ. ಮೇಲಕ್ಕೆ ಹೋಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಈ ಕೆಲಸ ಬೇಡವೇ ಬೇಡ. ಬಯಲಿಗೆ ಬನ್ನಿ. ಇಂಜಿನ್, ಸೈಲೆನ್ಸರ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ವಯರ್ ಬಿಚ್ಚಿ. ಬೆಂಕಿ ಆರಿಸುವ ಒಂದು ಕೆಜಿಯ ಎಬಿಸಿ ಪೌಡರ್ ಸಿಲಿಂಡರ್ ಕೈಗೆ ಸಿಗುವಂತಿರಲಿ. ಪೈಪ್ ಬಾಯಿಗಿಟ್ಟು ಪೆಟ್ರೋಲ್ ಎಳೆಯುವ ಅಭ್ಯಾಸ ಬಿಡಿ. ಶ್ವಾಸಕೋಶಕ್ಕೆ ಸ್ವಲ್ಪ ಹೋದರೂ ಆಸ್ಪತ್ರೆ ಸೇರಬೇಕಾಗುತ್ತದೆ. ಅಗ್ಗದ ಕೈಪಂಪ್ ಸಿಗುವಾಗ ಅದೆಲ್ಲ ಯಾಕೆ ಅಲ್ವಾ?

ಎಲ್ಲಕ್ಕಿಂತ ಮೊದಲ ಪರೀಕ್ಷೆ: ವಾಲ್ವ್ ಮುಚ್ಚಿ ಓಡಿಸಿ

ಲಕ್ಷಣ ಯಾವುದೇ ಇರಲಿ, ಇದರಿಂದ ಶುರು ಮಾಡಿ. ಎರಡು ಟ್ಯಾಂಕ್‌ಗಳ ನಡುವೆ ಕೈಯಲ್ಲಿ ಮುಚ್ಚುವ ವಾಲ್ವ್ ಇರಲೇಬೇಕು. ಅದನ್ನು ಮುಚ್ಚಿ, ಮೇನ್ ಟ್ಯಾಂಕಿನ ಪೆಟ್ರೋಲಿನಲ್ಲೇ ಒಂದು ಸುತ್ತು ಹೋಗಿ ಬನ್ನಿ. ತೊಂದರೆ ನಿಂತರೆ ದೋಷ ಎಕ್ಸ್‌ಟ್ರಾ ಟ್ಯಾಂಕಿನ ಕಡೆ. ನಿಲ್ಲದಿದ್ದರೆ ಗಾಡಿಯದ್ದೇ ಹಳೆ ಕಾಯಿಲೆ ಇರಬಹುದು, ಸುಮ್ನೆ ಹೊಸ ಟ್ಯಾಂಕನ್ನು ದೂರಬೇಡಿ.

ಒಂದು ವಿಷಯ ಮಾತ್ರ ನೆನಪಿಡಿ. ಕೆಲವರು ಮೇನ್ ಟ್ಯಾಂಕ್ ಮುಚ್ಚಳದ ಗಾಳಿ ತೂತನ್ನು ಬಂದ್ ಮಾಡಿರುತ್ತಾರೆ. ಮೇನ್ ಟ್ಯಾಂಕ್ ಖಾಲಿಯಾಗುತ್ತಾ ಹೋದಂತೆ ಅದರ ಎಳೆತಕ್ಕೆ ಹಿಂದಿನ ಪೆಟ್ರೋಲ್ ತಾನಾಗಿ ಬರಲಿ ಅಂತ. ನಿಮ್ಮದು ಹಾಗಿದ್ದರೆ ವಾಲ್ವ್ ಮುಚ್ಚಿದ ಕೂಡಲೇ ಮೇನ್ ಟ್ಯಾಂಕಿಗೂ ಗಾಳಿ ಇಲ್ಲ. ಆಗ ಪರೀಕ್ಷೆಯೇ ತಪ್ಪಾಗುತ್ತದೆ. ಮೊದಲು ಆ ತೂತು ಬಿಡಿಸಿ, ಆಮೇಲೆ ಓಡಿಸಿ.

ವಾಲ್ವೇ ಇಲ್ಲವೇ? ಹಾಗಾದರೆ ದೋಷ ಹುಡುಕುವ ಮೊದಲೇ ಒಂದು ವಾಲ್ವ್ ಹಾಕಿಸಿ.

ಲಕ್ಷಣ: ಚೆನ್ನಾಗಿ ಓಡುತ್ತಾ ಇದ್ದ ಗಾಡಿ ಮಿಸ್ ಹೊಡೆದು ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ

ಗಾಡಿ ನಿಂತ ತಕ್ಷಣ ಸೆಲ್ಫ್ ಒತ್ತುತ್ತಾ ಕೂರಬೇಡಿ. ಸೈಡಿಗೆ ಹಾಕಿ, ಕೀ ಆಫ್ ಮಾಡಿ. ಎಕ್ಸ್‌ಟ್ರಾ ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಕಿವಿಗೊಡಿ. ಸ್ಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಕಳ್ಳ ಸಿಕ್ಕ ಹಾಗೆ: ಬ್ರೀದರ್, ಅಂದರೆ ಟ್ಯಾಂಕಿಗೆ ಗಾಳಿ ಬಿಡುವ ಪೈಪ್, ಕಟ್ಟಿದೆ. ನಿಂತಾಗ ಸಂದಿಗೊಂದಿಯಿಂದ ನಿಧಾನಕ್ಕೆ ಗಾಳಿ ಸೇರುತ್ತದೆ, ಅದಕ್ಕೇ ಹತ್ತು ನಿಮಿಷ ಬಿಟ್ಟರೆ ಗಾಡಿ ಮತ್ತೆ ಓಡುವುದು. ಇಂಜೆಕ್ಟರ್ ಕೆಟ್ಟಿದ್ದರೆ ಹೀಗೆ ರೆಸ್ಟ್ ಕೊಟ್ಟ ಮಾತ್ರಕ್ಕೆ ಸರಿಹೋಗುವುದಿಲ್ಲ.

ಗೆಳೆಯನೊಬ್ಬನ ಗಾಡಿ ಚಿತ್ರದುರ್ಗ ದಾಟಿದ ಮೇಲೆ ಹೀಗೆ ಮಾಡುತ್ತಿತ್ತು. ಗ್ಯಾರೇಜೊಂದರಲ್ಲಿ “ಸರ್, ಫ್ಯುಯಲ್ ಪಂಪ್ ಹೋಗಿದೆ” ಅಂದುಬಿಟ್ಟಿದ್ದರು. ಸ್ಯಾಡಲ್ ಬ್ಯಾಗ್ ಇಳಿಸಿ ನೋಡಿದರೆ ಬ್ಯಾಗಿನ ಬೆಲ್ಟ್ ಬ್ರೀದರ್ ಪೈಪಿನ ಮೇಲೆ ಕೂತಿತ್ತು. ಪೈಪ್ ಅಷ್ಟು ದೂರಕ್ಕೆ ಚಪ್ಪಟೆಯಾಗಿ, ಒಳಗಿನ ಎರಡೂ ಗೋಡೆ ಅಂಟಿಕೊಂಡು, ಮೇಲೆ ಬೆಲ್ಟಿನ ನೇಯ್ಗೆಯ ಗುರುತು ಕೂಡ ಮೂಡಿತ್ತು. ಬ್ಯಾಗ್ ಇಲ್ಲದೆ ಊರೊಳಗೆ ಓಡಿಸಿದಾಗ ತೊಂದರೆಯೇ ಇರಲಿಲ್ಲ. ಆದ್ದರಿಂದ ಪರೀಕ್ಷೆ ಮಾಡುವಾಗ ಲಗೇಜ್ ಕಟ್ಟಿಯೇ ಮಾಡಿ.

ಬ್ರೀದರ್ ನೋಡುವ ಕ್ರಮ ಹೀಗೆ. ಪೈಪ್ ಎಲ್ಲಾದರೂ ಮಡಚಿದೆಯಾ, ಒತ್ತಿಕೊಂಡಿದೆಯಾ ಅಂತ ಉದ್ದಕ್ಕೂ ಬೆರಳಾಡಿಸಿ. ತುದಿಯಲ್ಲಿ ಮಣ್ಣು, ಕಣಜದ ಹುಳು ಕಟ್ಟಿದ ಗೂಡು ಇದೆಯಾ ನೋಡಿ. ಮಳೆಗಾಲದಲ್ಲಿ ಶೆಡ್‌ನಲ್ಲಿ ನಿಂತ ಗಾಡಿಗೆ ಇದು ಮಾಮೂಲು. ಪೈಪನ್ನು ಎರಡೂ ಕಡೆಯಿಂದ ಬಿಚ್ಚಿ, ಒಳಗೆ ಪೆಟ್ರೋಲ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ಕೊನೆಗೆ ರೋಲ್‌ಓವರ್ ವಾಲ್ವ್. ಗಾಡಿ ಬಿದ್ದಾಗ ಪೆಟ್ರೋಲ್ ಚೆಲ್ಲದಂತೆ ತಡೆಯುವ ಪುಟ್ಟ ವಾಲ್ವ್ ಅದು, ಒಳಗೊಂದು ಗುಂಡು ಇರುತ್ತದೆ. ನೆಟ್ಟಗೆ ಹಿಡಿದಾಗ ಗಾಳಿ ಬಿಡಬೇಕು, ತಲೆಕೆಳಗು ಮಾಡಿದರೆ ಮುಚ್ಚಬೇಕು. ಅಡ್ಡಡ್ಡ ಕೂರಿಸಿಬಿಟ್ಟಿದ್ದರೆ ಗುಂಡು ಸದಾ ದಾರಿಗೆ ಅಡ್ಡ.

ಮುಚ್ಚಳ ತೆರೆದರೂ ಗಾಳಿ ಸದ್ದಿಲ್ಲ, ಸುಡು ಬಿಸಿಲಿನ ಟ್ರಾಫಿಕ್‌ನಲ್ಲಿ ಮಾತ್ರ ಹೀಗಾಗುತ್ತದೆ ಅಂದರೆ ಪೈಪ್ ಇಂಜಿನ್ ಪಕ್ಕದಲ್ಲಿ ಹಾದುಹೋಗಿದೆಯಾ ನೋಡಿ. ಬಿಸಿಗೆ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಹರಿವು ನಿಲ್ಲುತ್ತದೆ. ಪೈಪಿನ ದಾರಿ ಬದಲಿಸುವುದೇ ಪರಿಹಾರ. ಬಟ್ಟೆ ಸುತ್ತಿ ನೀರು ಹಾಕುವುದು ಆ ಹೊತ್ತಿಗೆ ಮನೆ ತಲುಪಲು ಮಾತ್ರ.

ಲಕ್ಷಣ: ಎಕ್ಸ್‌ಟ್ರಾ ಟ್ಯಾಂಕ್ ತುಂಬಿದೆ, ಆದರೆ ಪೆಟ್ರೋಲ್ ಮೇನ್ ಟ್ಯಾಂಕಿಗೆ ಬರುತ್ತಿಲ್ಲ

ಬ್ರೀದರ್ ಸರಿ ಇದೆ ಅಂತಾದ ಮೇಲೆ ಎತ್ತರ ನೋಡಿ. ಪಂಪ್ ಇಲ್ಲದ, ಮೇನ್ ಮುಚ್ಚಳದ ಗಾಳಿ ತೂತು ತೆರೆದೇ ಇರುವ ಜೋಡಣೆಯಲ್ಲಿ ಪೆಟ್ರೋಲ್ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ. ಹಿಂದಿನ ಟ್ಯಾಂಕಿನ ತಳ ಮೇನ್ ಟ್ಯಾಂಕಿನ ಮಟ್ಟಕ್ಕಿಂತ ಕೆಳಗಿದ್ದರೆ, ಮೇನ್ ಅಷ್ಟು ಇಳಿಯುವವರೆಗೆ ಏನೂ ಬರುವುದಿಲ್ಲ. ತಳದಲ್ಲಿ ಉಳಿದದ್ದು ಕೊನೆಗೂ ಬರುವುದಿಲ್ಲ. ಇದು ಕೆಟ್ಟು ಹೋದದ್ದಲ್ಲ, ಕೂರಿಸಿದ್ದೇ ಹಾಗೆ. ಪಕ್ಕದಲ್ಲಿ ನೇತುಹಾಕುವ ಟ್ಯಾಂಕ್‌ಗಳಲ್ಲಿ ಇದು ಜಾಸ್ತಿ.

ಆಮೇಲೆ ಪೈಪಿನ ಸೊಟ್ಟ. ಸೀಟಿನ ಕೆಳಗೆ ಪೈಪ್ ಒಮ್ಮೆ ಇಳಿದು ಮತ್ತೆ ಏರಿ ಹೋಗಿದ್ದರೆ, ಆ ಏರಿನ ನೆತ್ತಿಯಲ್ಲಿ ಗಾಳಿ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಬರೀ ತೂಕಕ್ಕೆ ಹರಿಯುವ ಪೆಟ್ರೋಲಿಗೆ ಆ ಗುಳ್ಳೆಯನ್ನು ತಳ್ಳುವ ಶಕ್ತಿ ಇರುವುದಿಲ್ಲ. ಪಾರದರ್ಶಕ ಫಿಲ್ಟರ್ ಇದ್ದರೆ ಕಣ್ಣಿಗೇ ಕಾಣುತ್ತದೆ: ಅರ್ಧ ಪೆಟ್ರೋಲ್, ಮೇಲೆ ಅಲುಗಾಡದ ಗುಳ್ಳೆ. ಪೈಪನ್ನು ಚಿಕ್ಕದು ಮಾಡಿ, ಉದ್ದಕ್ಕೂ ಇಳಿಜಾರಾಗಿ ಹೋಗುವಂತೆ ಕಟ್ಟಿ.

ಬೇಗ ಬಿಚ್ಚುವ ಕಪ್ಲಿಂಗ್ ಹಾಕಿದ್ದರೆ ಅದನ್ನೂ ಅನುಮಾನಿಸಿ. ಕ್ಲಿಕ್ ಅಂತ ಪೂರ್ತಿ ಕೂರದಿದ್ದರೆ ಒಳಗಿನ ಸ್ಪ್ರಿಂಗ್ ವಾಲ್ವ್ ತೆರೆಯುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಇಷ್ಟಾದರೂ ಸಂಶಯ ಇದ್ದರೆ ಅಳತೆ ಮಾಡಿ. ಮೇನ್ ಟ್ಯಾಂಕಿನ ಕಡೆಯ ತುದಿ ಬಿಚ್ಚಿ, ಪೆಟ್ರೋಲಿಗೆ ತಕ್ಕ ಅಳತೆ ಪಾತ್ರೆಯಲ್ಲಿ ಇಟ್ಟು, ವಾಲ್ವ್ ಒಂದು ನಿಮಿಷ ತೆರೆಯಿರಿ. ತುದಿಯನ್ನು ಅದು ಸೇರಬೇಕಾದ ಎತ್ತರದಲ್ಲೇ ಹಿಡಿಯಿರಿ, ನೆಲಕ್ಕೆ ಇಳಿಸಿದರೆ ಹರಿವು ಜಾಸ್ತಿ ಕಾಣುತ್ತದೆ. ಲೀಟರಿಗೆ 30 ಕಿಲೋಮೀಟರ್ ಕೊಡುವ ಗಾಡಿ ಗಂಟೆಗೆ 80ರಲ್ಲಿ ಓಡಿದರೆ ನಿಮಿಷಕ್ಕೆ ಸುಮಾರು 45 ಮಿಲಿಲೀಟರ್ ಕುಡಿಯುತ್ತದೆ. ಪೈಪಿನಲ್ಲಿ 150 ಆದರೂ ಬರಬೇಕು ಅನ್ನುವುದು ನನ್ನ ಲೆಕ್ಕ. ಅದಕ್ಕಿಂತ ಕಡಿಮೆ ಬಂದರೆ ಫಿಲ್ಟರ್ ಬಿಚ್ಚಿ ಮತ್ತೆ ಅಳೆಯಿರಿ. ಆಗ ಜಾಸ್ತಿ ಬಂದರೆ ಫಿಲ್ಟರ್ ಕಟ್ಟಿದೆ, ಬದಲಾಯಿಸಿ.

ಪಂಪ್ ಇರುವ ಜೋಡಣೆಯಾದರೆ ಮೊದಲು ಫ್ಯೂಸ್, ಆಮೇಲೆ ಅರ್ತ್ ವಯರ್, ಆಮೇಲೆ ರಿಲೇ, ಕೊನೆಗೆ ಪಂಪ್. ಪಂಪ್ ಸದ್ದು ಬರುತ್ತಿದೆ ಆದರೆ ಪೆಟ್ರೋಲ್ ಇಲ್ಲ ಅಂದರೆ ಅದು ಒಣಗಿ ಓಡುತ್ತಿದೆ. ತಕ್ಷಣ ಆಫ್ ಮಾಡಿ. ಈ ಪಂಪ್‌ಗಳಿಗೆ ಪೆಟ್ರೋಲೇ ತಂಪು, ಒಣಗಿ ಓಡಿದರೆ ಬೇಗ ಸುಟ್ಟುಹೋಗುತ್ತವೆ.

ಲಕ್ಷಣ: ಮೇನ್ ಟ್ಯಾಂಕಿನಿಂದ ಪೆಟ್ರೋಲ್ ಉಕ್ಕಿ ಬರುತ್ತದೆ

ನಿಲ್ಲಿಸಿ. ಇದನ್ನು ಇಟ್ಟುಕೊಂಡು ಮುಂದಿನ ಊರಿಗೆ ಹೋಗೋಣ ಅನ್ನಬೇಡಿ. ಉಕ್ಕಿದ್ದು ನೇರ ಬಿಸಿ ಇಂಜಿನ್ ಮೇಲೆ ಇಳಿಯುತ್ತದೆ.

ವಾಲ್ವ್ ಮುಚ್ಚಿ. ಹೆಚ್ಚಾಗಿ ಕಾರಣ ಒಂದೇ: ಮೇನ್ ಇನ್ನೂ ತುಂಬಿರುವಾಗಲೇ ವಾಲ್ವ್ ತೆರೆದದ್ದು. ಎರಡು ಟ್ಯಾಂಕ್ ಸೇರಿದ ಮೇಲೆ ಮಟ್ಟ ಸಮ ಆಗುವವರೆಗೆ ಪೆಟ್ರೋಲ್ ಹರಿಯುತ್ತಲೇ ಇರುತ್ತದೆ, ಜಾಗ ಇಲ್ಲದಿದ್ದರೆ ಹೊರಗೆ ಬರುತ್ತದೆ. ಹಿಂದೆ 7 ಲೀಟರ್ ಇದ್ದರೆ ಮೇನ್‌ನಲ್ಲಿ 8 ಲೀಟರ್ ಖಾಲಿಯಾದ ಮೇಲೆ ತೆರೆಯಿರಿ. ವಾಲ್ವ್ ಮುಚ್ಚಿದ್ದರೂ ಉಕ್ಕುತ್ತಿದ್ದರೆ ವಾಲ್ವ್ ಒಳಗೇ ಸೋರುತ್ತಿದೆ, ಅದನ್ನು ರಿಪೇರಿ ಮಾಡಬೇಡಿ, ಹೊಸದು ಹಾಕಿ. ಪಂಪ್ ಇರುವ ಗಾಡಿಯಲ್ಲಿ ಸ್ವಿಚ್ ಆಫ್ ಆದ ಮೇಲೂ ಹರಿಯುತ್ತಿದ್ದರೆ ಪೆಟ್ರೋಲ್ ಪಂಪಿನ ಮೂಲಕ ತಾನಾಗಿ ಇಳಿಯುತ್ತಿದೆ ಅಂತ ಅರ್ಥ. ಪಂಪ್ ಜೊತೆಗೂ ಕೈವಾಲ್ವ್ ಬೇಕು ಅನ್ನುವುದು ಇದಕ್ಕೇ.

ಪೆಟ್ರೋಲ್ ತುಂಬಿಸಿದ್ದೇ ಕುತ್ತಿಗೆವರೆಗಾ? ಬಂಕ್‌ನ ನೆಲದಡಿಯ ಟ್ಯಾಂಕಿನಿಂದ ತಣ್ಣಗೆ ಬಂದ ಪೆಟ್ರೋಲ್ ಬಿಸಿಲಿಗೆ ಹಿಗ್ಗುತ್ತದೆ. 20 ಡಿಗ್ರಿ ಏರಿದರೆ 10 ಲೀಟರಿಗೆ ಸುಮಾರು 200 ಮಿಲಿಲೀಟರ್, ಒಂದು ದೊಡ್ಡ ಲೋಟದಷ್ಟು. ಎರಡೂ ಟ್ಯಾಂಕಿನಲ್ಲಿ ಮೇಲೆ ಜಾಗ ಬಿಡಿ.

ಬಿಎಸ್ 6 ಗಾಡಿ, ಅಂದರೆ 2020ರ ಏಪ್ರಿಲ್ ನಂತರ ಬಂದವುಗಳಲ್ಲಿ ಇನ್ನೊಂದು ಪರಿಣಾಮ ಇದೆ. ಮೇನ್ ಟ್ಯಾಂಕಿನ ಆವಿ ಹಿಡಿಯಲು ಇದ್ದಿಲು ತುಂಬಿದ ಕ್ಯಾನಿಸ್ಟರ್ ಇರುತ್ತದೆ. ಅದು ಆವಿಗೆ ಮಾತ್ರ. ಉಕ್ಕಿದ ಪೆಟ್ರೋಲ್ ಅದರೊಳಗೆ ನುಗ್ಗಿದರೆ ಗಾಡಿ ಬಿಸಿಯಾದಾಗ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಸೈಲೆನ್ಸರಿನಲ್ಲಿ ಹಸಿ ಪೆಟ್ರೋಲ್ ವಾಸನೆ ಬರುತ್ತದೆ. ಒದ್ದೆಯಾದ ಕ್ಯಾನಿಸ್ಟರ್ ಸುಲಭಕ್ಕೆ ಸರಿಹೋಗುವುದಿಲ್ಲ, ಸರ್ವಿಸ್ ಸೆಂಟರಿಗೆ ತೋರಿಸಿ.

ಲಕ್ಷಣ: ಘಾಟಿ ಏರಿದಂತೆ ಟ್ಯಾಂಕ್ ಉಬ್ಬುತ್ತದೆ, ಇಳಿದಂತೆ ಒಳಕ್ಕೆ ಸೇದಿಕೊಳ್ಳುತ್ತದೆ

ಲಡಾಖ್‌ಗೆ ಒಯ್ದ ಚಿಪ್ಸ್ ಪ್ಯಾಕೆಟ್ ಬಲೂನಿನಂತೆ ಉಬ್ಬುವುದನ್ನು ನೋಡಿರುತ್ತೀರಿ. ಬ್ರೀದರ್ ಕಟ್ಟಿದ ಟ್ಯಾಂಕಿಗೂ ಅದೇ ಆಗುವುದು. ಮನಾಲಿ–ಲೇಹ್ ದಾರಿಯ ತಂಗ್ಲಾಂಗ್ ಲಾ ಘಾಟಿ ಸುಮಾರು 5,300 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಕೆಳಗೆ ಮುಚ್ಚಿದ ಟ್ಯಾಂಕಿನೊಳಗಿನ ಗಾಳಿ ಮತ್ತು ಆವಿ ಅಲ್ಲಿ ಹೊರಗೆ ನುಗ್ಗಲು ನೋಡುತ್ತದೆ. ವಾಲ್ವ್ ತೆರೆದಿದ್ದರೆ ಪೆಟ್ರೋಲನ್ನು ಮೇನ್‌ಗೆ ದಬ್ಬುತ್ತದೆ. ಮುಚ್ಚಳವನ್ನು ಒಮ್ಮೆಗೇ ತೆರೆದರೆ ಮುಖಕ್ಕೇ ಚಿಮ್ಮುತ್ತದೆ. ಇಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಬಟ್ಟೆ ಹಿಡಿದು, ಕಾಲು ತಿರುವಷ್ಟೇ ಸಡಿಲಿಸಿ. ಸದ್ದು ನಿಂತ ಮೇಲೆ ಪೂರ್ತಿ ತೆರೆಯಿರಿ. ಇಳಿಯುವಾಗ ತಲೆಕೆಳಗು: ಪ್ಲಾಸ್ಟಿಕ್ ಟ್ಯಾಂಕಿನ ಗೋಡೆ ತಗ್ಗು ಬೀಳುತ್ತದೆ. ಎರಡಕ್ಕೂ ಮದ್ದು ಬ್ರೀದರ್‌ನಲ್ಲೇ ಇದೆ. ಗೋಡೆಯಲ್ಲಿ ಬಿಳಿ ಗೆರೆ ಮೂಡಿದ್ದರೆ ಆ ಟ್ಯಾಂಕ್ ಮುಂದಕ್ಕೆ ಬೇಡ, ಅಲ್ಲೇ ಬಿರಿಯುವುದು.

ಲಕ್ಷಣ: ಪೆಟ್ರೋಲ್ ವಾಸನೆ ಬರುತ್ತದೆ, ಎಲ್ಲಿ ಸೋರುತ್ತಿದೆ ಗೊತ್ತಾಗುತ್ತಿಲ್ಲ

ಟ್ಯಾಂಕ್, ಪೈಪ್, ಕ್ಲಿಪ್ ಎಲ್ಲ ಒರೆಸಿ ಒಣಗಿಸಿ. ಪ್ರತಿ ಜಾಯಿಂಟಿಗೂ ಟಿಶ್ಯೂ ಪೇಪರ್ ಸುತ್ತಿ, ಕೆಳಗೆ ಹಳೆ ಪೇಪರ್ ಹಾಸಿ, ಗಾಡಿಯನ್ನು ಬಯಲಲ್ಲಿ ಒಂದು ಗಂಟೆ ಬಿಡಿ. ಯಾವ ಟಿಶ್ಯೂ ಒದ್ದೆಯೋ ಅಲ್ಲಿ ಸೋರಿಕೆ. ಕ್ಲಿಪ್ ಸಡಿಲವಾಗಿದ್ದರೆ ಬಿಗಿ ಮಾಡಿ. ವಾಷರ್ ಹಳೆಯದಾಗಿದ್ದರೆ ಬದಲಿಸಿ.

ಪೈಪ್ ಯಾವುದು ಅನ್ನುವುದು ಇಲ್ಲಿ ಬಹಳ ಮುಖ್ಯ. ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ನೀರಿನ ಪೈಪ್ ಹಾಕಿದವರು ಬೇಕಾದಷ್ಟು ಜನ ಇದ್ದಾರೆ. ಪೆಟ್ರೋಲಿಗೆ ಅದು ಹಳದಿ ತಿರುಗಿ, ಕಡ್ಡಿಯಂತೆ ಗಟ್ಟಿಯಾಗಿ, ಕ್ಲಿಪ್ ಕೂತಲ್ಲೇ ಬಿರುಕು ಬಿಡುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಇರುವ ಇ20. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಅದಕ್ಕೆ ಚಾಲನೆ ಕೊಟ್ಟದ್ದು. ಹಳೆ ರಬ್ಬರ್ ಎಥೆನಾಲ್‌ಗೆ ಊದಿ ಮೆತ್ತಗಾಗುತ್ತದೆ. ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 (SAE J30 R9, ಪೆಟ್ರೋಲ್ ಪೈಪಿನ ಗುಣಮಟ್ಟದ ಗುರುತು) ಅಂತ ಅಚ್ಚಾಗಿರುವುದನ್ನು ಕೇಳಿ ತನ್ನಿ. ಬೆಲೆ ಜಾಸ್ತಿಯೇ, ಆದರೆ ಬೇಕಾಗುವುದು ಒಂದೆರಡು ಮೀಟರ್ ಅಷ್ಟೇ.

ಅಲ್ಯೂಮಿನಿಯಂ ಟ್ಯಾಂಕ್‌ನಲ್ಲಿ ಬಿರುಕು ಬರುವುದು ಹೆಚ್ಚಾಗಿ ಬ್ರಾಕೆಟ್ ಬೆಸುಗೆಯ ಅಂಚಿನಲ್ಲಿ. ಕೂದಲೆಳೆಯಷ್ಟು ಸಣ್ಣ ಗೆರೆ, ಅದರ ಸುತ್ತ ಧೂಳು ಅಂಟಿ ಕಂದು ಕಲೆ. ಎಪಾಕ್ಸಿ ಅಂಟು ಹಚ್ಚಿ ಸೋರಿಕೆ ನಿಲ್ಲಿಸಬಹುದು, ಅದು ಟ್ಯಾಂಕ್ ಖಾಲಿ ಮಾಡಿಕೊಂಡು ಊರು ಸೇರುವವರೆಗೆ ಮಾತ್ರ. ಬೆಸುಗೆಗೆ ರಸ್ತೆಬದಿಯ ವೆಲ್ಡಿಂಗ್ ಅಂಗಡಿಗೆ ಕೊಡಬೇಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಪೂರ್ತಿ ಆವಿಯೇ ಇರುತ್ತದೆ. ಹೀಗೆ ಟ್ಯಾಂಕ್ ಸಿಡಿದು ವೆಲ್ಡರ್‌ಗಳು ಸತ್ತಿದ್ದಾರೆ. ಆವಿ ಪೂರ್ತಿ ತೆಗೆದು ಬೆಸೆಯುವ ವ್ಯವಸ್ಥೆ ಇರುವವರಿಗೇ ಕೊಡಿ, ಇಲ್ಲವೇ ಹೊಸ ಟ್ಯಾಂಕ್ ತನ್ನಿ.

ಲಕ್ಷಣ: ಎಕ್ಸ್‌ಟ್ರಾ ಟ್ಯಾಂಕಿನ ಪೆಟ್ರೋಲಿಗೆ ಬದಲಾದ ಮೇಲೆ ಎಳೆತ ಕಡಿಮೆ, ಮಿಸ್ಸಿಂಗ್

ಟ್ಯಾಂಕಿನ ತಳದಿಂದ ಅರ್ಧ ಲೀಟರ್ ಗಾಜಿನ ಬಾಟಲಿಗೆ ತೆಗೆದು ಕಾಲು ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ನಿಂತರೆ ನೀರು ಸೇರಿದೆ. ಇ20ಯಲ್ಲಿ ನೀರು ಒಂದು ಮಿತಿ ದಾಟಿದರೆ ಎಥೆನಾಲನ್ನೂ ಎಳೆದುಕೊಂಡು ಕೆಳಗೆ ಕೂರುತ್ತದೆ. ಅದು ಮತ್ತೆ ಕಲೆಯುವುದಿಲ್ಲ, ಅಷ್ಟನ್ನೂ ತೆಗೆಯಲೇಬೇಕು. ಕೆಂಪು ಪುಡಿ ಕಂಡರೆ ತುಕ್ಕು. ಅಂಟು ಅಂಟಾದ ಪದಾರ್ಥ ಕಂಡರೆ, ಮತ್ತು ಟ್ಯಾಂಕ್ ಫೈಬರ್‌ನದ್ದಾಗಿದ್ದರೆ, ಎಥೆನಾಲ್‌ಗೆ ಅದರ ರಾಳ ಕರಗುತ್ತಿದೆ. ಅಂಥ ಟ್ಯಾಂಕನ್ನು ಅವತ್ತೇ ಬಿಚ್ಚಿಡಿ, ಆ ಅಂಟು ಇಂಜೆಕ್ಟರ್‌ವರೆಗೂ ಹೋಗುತ್ತದೆ.

ಇಂಜೆಕ್ಷನ್ ಗಾಡಿಯವರಿಗೆ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ ಗಾಡಿ ಇರುವವರಿಗೆ, ಒಂದು ಮಾತು. ಮೇನ್ ಟ್ಯಾಂಕಿನೊಳಗಿನ ಪಂಪಿನಿಂದ ಇಂಜೆಕ್ಟರ್‌ಗೆ ಹೋಗುವ ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ. ಅದನ್ನು ಕತ್ತರಿಸಿ ಮೂರು ಬಾಯಿಯ ಟೀ ಜಾಯಿಂಟ್ ಹಾಕಲು ಯಾರಿಗೂ ಬಿಡಬೇಡಿ. ಕಾರ್ಬ್ಯುರೇಟರ್ ಗಾಡಿಯಲ್ಲಿ ನಡೆಯುವ ಉಪಾಯ ಇಲ್ಲಿ ಬೆಂಕಿಗೆ ದಾರಿ. ಇಂಜೆಕ್ಷನ್ ಗಾಡಿಯಲ್ಲಿ ಎಕ್ಸ್‌ಟ್ರಾ ಪೆಟ್ರೋಲ್ ಮೇನ್ ಟ್ಯಾಂಕಿಗೇ ಇಳಿಯಬೇಕು.

ಲಕ್ಷಣ: ಹೈವೇಯಲ್ಲಿ ಹಿಂಭಾಗ ಓಲಾಡುತ್ತದೆ

ಮೊದಲು ಟೈರ್ ಗಾಳಿ, ಆಮೇಲೆ ಕ್ಯಾರಿಯರ್ ಬೋಲ್ಟ್‌ಗಳು. 10 ಲೀಟರ್ ಪೆಟ್ರೋಲ್ ಅಂದರೆ ಸುಮಾರು ಏಳೂವರೆ ಕೆಜಿ, ಮೇಲೆ ಟ್ಯಾಂಕಿನ ತೂಕ. ಅದು ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ ಕೂತರೆ ಮುಂದಿನ ಚಕ್ರ ಹಗುರಾಗುತ್ತದೆ. ಅರ್ಧ ಖಾಲಿಯಾದಾಗ ಮಾತ್ರ ಓಲಾಡಿದರೆ ಪೆಟ್ರೋಲ್ ಅಲೆಯುತ್ತಿದೆ, ಒಳಗೆ ತಡೆಗೋಡೆ ಇಲ್ಲದ ಟ್ಯಾಂಕ್ ಅದು. ಹಾಗಿದ್ದರೆ ಮೇನ್‌ನಲ್ಲಿ ಜಾಗ ಆದ ಕೂಡಲೇ ಹಿಂದಿನದನ್ನು ಪೂರ್ತಿ ಇಳಿಸಿ ಓಡಿಸಿ. ಹ್ಯಾಂಡಲ್ ನಡುಗಲು ಶುರುವಾದರೆ ಬ್ರೇಕ್ ಗಕ್ಕನೆ ಒತ್ತದೆ, ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು ನಿಲ್ಲಿಸಿ. ಟ್ಯಾಂಕ್ ಖಾಲಿ ಮಾಡದೆ ಮತ್ತೆ ಹತ್ತಬೇಡಿ.

ಎಷ್ಟು ದೊಡ್ಡ ಟ್ಯಾಂಕ್ ಬೇಕು ಅನ್ನುವ ಪ್ರಶ್ನೆಯೂ ಇಲ್ಲೇ ಬರುತ್ತದೆ. ಅಮೆರಿಕದ ಐರನ್ ಬಟ್ ರ‍್ಯಾಲಿಯಲ್ಲಿ 11 ದಿನಗಳಲ್ಲಿ ಹತ್ತು ಸಾವಿರ ಮೈಲಿಗೂ ಹೆಚ್ಚು ಓಡಿಸುವವರಿದ್ದಾರೆ. ಅವರಿಗೂ ಮಿತಿ ಇದೆ: ಎರಡೂ ಟ್ಯಾಂಕ್ ಸೇರಿ 11.5 ಗ್ಯಾಲನ್, ಅಂದರೆ ಸುಮಾರು 43 ಲೀಟರ್. ಅದು ದೊಡ್ಡ ಇಂಜಿನ್ನಿನ ಭಾರೀ ಗಾಡಿಗಳ ಲೆಕ್ಕ. ನಮ್ಮ 350–450 ಸಿಸಿ ಗಾಡಿಗಳಿಗೆ 5–7 ಲೀಟರ್ ಸಾಕು.

ಯಾವಾಗ ಕೈಬಿಟ್ಟು ಮೆಕ್ಯಾನಿಕ್ ಹತ್ತಿರ ಹೋಗಬೇಕು

ವಾಲ್ವ್ ಮುಚ್ಚಿದರೂ ಸೋರಿಕೆ ನಿಲ್ಲದಿದ್ದಾಗ. ಪಂಪ್ ಫ್ಯೂಸ್ ಹೊಸದು ಹಾಕಿದ ಕೂಡಲೇ ಮತ್ತೆ ಹೋದಾಗ: ಎಲ್ಲೋ ವಯರ್ ತಗುಲುತ್ತಿದೆ, ದೊಡ್ಡ ಫ್ಯೂಸ್ ಹಾಕಿ ನೋಡುವ ಸಾಹಸ ಬೇಡ. ಗಾಡಿ ಬಿದ್ದು ಟ್ಯಾಂಕಿಗೆ ಏಟಾದಾಗ. ಮೇನ್ ಟ್ಯಾಂಕಿಗೆ ಕೊರೆದು ಹಾಕಿದ ಜಾಯಿಂಟ್ ಸೋರಿದಾಗ. ಇಷ್ಟರಲ್ಲಿ ಯಾವುದೇ ಆದರೂ, ಗಾಡಿಯನ್ನು ಟೆಂಪೋಗೆ ಹಾಕಿಸಿ, ಟ್ಯಾಂಕ್ ಖಾಲಿ ಮಾಡಿಸಿಯೇ ಹಾಕಿಸಿ.

ಕಾಗದದ ಕೆಲಸವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಆರ್‌ಟಿಒ ಮತ್ತು ಇನ್ಶೂರೆನ್ಸ್‌ನವರನ್ನು ಮೊದಲೇ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಬೆಂಕಿ ಅನಾಹುತ ಆದ ಮೇಲೆ ಕೇಳಿದರೆ ಕ್ಲೇಮ್ ಸಿಗುವುದು ಕಷ್ಟ.

ರಿಪೇರಿ ಆದ ಮೇಲೆ

ಎರಡು ಲೀಟರ್ ಮಾತ್ರ ಹಾಕಿ, ಟಿಶ್ಯೂ ಸುತ್ತಿ ಒಂದು ರಾತ್ರಿ ಬಯಲಲ್ಲಿ ಬಿಡಿ. ಬೆಳಿಗ್ಗೆ ಒಣಗಿದ್ದರೆ ಲಗೇಜ್ ಪೂರ್ತಿ ಕಟ್ಟಿ, ಎಕ್ಸ್‌ಟ್ರಾ ಟ್ಯಾಂಕ್ ತುಂಬಿಸಿ, ಬಂಕ್‌ಗಳಿರುವ ದಾರಿಯಲ್ಲೇ ಒಂದು ದಿನದ ಓಟ ಹೋಗಿ. ನಡುವೆ ಘಾಟಿ ಇದ್ದರೆ ಒಳ್ಳೆಯದು, ಚಾರ್ಮಾಡಿಯೋ ಆಗುಂಬೆಯೋ. ಅರ್ಧ ದಾರಿಯಲ್ಲಿ ವಾಲ್ವ್ ತೆರೆದು ಮೇನ್ ಟ್ಯಾಂಕಿನ ಮುಳ್ಳು ಏರುವುದನ್ನು ನೋಡಿ. ಆ ಮುಳ್ಳು ತೋರಿಸುವುದು ಮೇನ್ ಟ್ಯಾಂಕಿನದ್ದನ್ನು ಮಾತ್ರ, ಹಿಂದೆ ಎಷ್ಟು ಉಳಿದಿದೆ ಅಂತ ಅದಕ್ಕೆ ಗೊತ್ತಿಲ್ಲ. ಟ್ರಿಪ್ ಮೀಟರ್ ಸೊನ್ನೆ ಮಾಡಿ, ವಾಲ್ವ್ ತೆರೆದ ಕಿಲೋಮೀಟರನ್ನು ಟ್ಯಾಂಕಿನ ಮೇಲೆ ಟೇಪ್ ಅಂಟಿಸಿ ಬರೆದುಕೊಳ್ಳಿ.